ಐಪಿ ಅಡ್ರೆಸ್ಸೇ ಸಿಕ್ಕಿದ್ಮೇಲೆ ಇನ್ನೇನು ಸಾಕ್ಷಿ ಬೇಕು ಸರ್?

ಪ್ರಶ್ನೆ: ಸರ್ ನಮಸ್ಕಾರ, ನಾನು ಹುಬ್ಬಳ್ಳಿಯಲ್ಲಿ ಲಾ ಓದ್ತಿದೀನಿ. ಅಮೆರಿಕದಲ್ಲಿ ಹಿಂದೆ ರೆಕಾರ್ಡ್ ಕಂಪನಿಗಳು ಹಾಡು ಶೇರ್ ಮಾಡಿದ್ರು ಅಂತ ಸಾವಿರಾರು ಸಾಮಾನ್ಯ ಜನರ ಮೇಲೆ ಕೇಸ್ ಹಾಕಿದ್ವಂತೆ, ಅದ್ರಲ್ಲಿ ಸತ್ತುಹೋಗಿದ್ದ ಅಜ್ಜಿ ಮೇಲೂ ಒಂದು ಕೇಸ್ ಇತ್ತಂತೆ. ಸಾಕ್ಷ್ಯ ತುಂಬಾ ವೀಕ್ ಇತ್ತು ಅಂತಾರೆ. ಆದ್ರೆ ಐಪಿ ಅಡ್ರೆಸ್ಸೇ ಸಿಕ್ಕಿದ್ಮೇಲೆ ಇನ್ನೇನು ಬೇಕು? ಅಷ್ಟು ವೀಕ್ ಇದ್ದಿದ್ರೆ ಜ್ಯೂರಿ ಮುಂದೆ ಕಂಪನಿಗಳು ಲಕ್ಷಗಟ್ಟಲೆ ಡಾಲರ್ ಹೇಗೆ ಗೆದ್ವು? ಇನ್ನೊಂದು, ನಮ್ಮಣ್ಣ ಅಲ್ಲೇ ಎಂಎಸ್ ಮಾಡ್ತಿದಾನೆ, ನಾಲ್ಕು ಜನ ರೂಮ್‌ಮೇಟ್ಸ್‌ಗೆ ಒಂದೇ ವೈಫೈ, ಕನೆಕ್ಷನ್ ಇವನ ಹೆಸರಲ್ಲಿದೆ. ಬೇರೆ ಯಾರೋ ಏನೋ ಡೌನ್‌ಲೋಡ್ ಮಾಡಿದ್ರೆ ಇವನ ತಲೆಗೆ ಬರುತ್ತಾ?

ಉತ್ತರ: ನಮಸ್ಕಾರ. ಅಣ್ಣನ ವಿಷ್ಯಕ್ಕೆ ಕೊನೆಗೆ ಬರ್ತೀನಿ, ಮೊದಲ್ನೇದು ಬಿಡಿಸ್ಕೊಂಡ್ರೆ ಅದು ಅರ್ಧ ತಾನಾಗೇ ಬಗೆಹರಿಯುತ್ತೆ.

ನೇರವಾಗಿ ಹೇಳ್ಬಿಡ್ತೀನಿ. ಆ ಕೇಸುಗಳಲ್ಲಿ ಕಂಪನಿಗಳ ಕೈಲಿದ್ದ ಸಾಕ್ಷ್ಯ ಒಂದು ಇಂಟರ್ನೆಟ್ ಕನೆಕ್ಷನ್ ತನಕ ಬಂದು ನಿಂತುಬಿಡ್ತಿತ್ತು, ಅಲ್ಲಿಂದ ಮುಂದೆ ಒಬ್ಬ ಮನುಷ್ಯನ ತನಕ ಹೋಗ್ಬೇಕಾದ ದಾರಿ ಇದ್ಯಲ್ಲ, ಅದನ್ನ ಬಹುಪಾಲು ಕೇಸಲ್ಲಿ ಅವರು ಸೆಟಲ್‌ಮೆಂಟ್ ಮಾಡಿಸ್ಕೊಂಡು ದಾಟಿದ್ರು, ಜ್ಯೂರಿ ತನಕ ಹೋಗಿ ಗೆದ್ದ ಎರಡೇ ಎರಡು ಕೇಸಲ್ಲಿ ಪ್ರತಿವಾದಿಗಳೇ ಬಿಟ್ಟ ಗುರುತು, ಪ್ರತಿವಾದಿಗಳೇ ಆಡಿದ ಮಾತು ಹಿಡ್ಕೊಂಡು ದಾಟಿದ್ರು. ಐಪಿ ಅಡ್ರೆಸ್, ಅಂದ್ರೆ ಇಂಟರ್ನೆಟ್ ಕನೆಕ್ಷನ್ನಿಗೆ ಕೊಟ್ಟಿರೋ ನಂಬರ್, ಅದೊಂದನ್ನೇ ನಂಬ್ಕೊಂಡು ಜ್ಯೂರಿ ಹತ್ರ ಗೆದ್ದಿದ್ದು ಇಲ್ಲ. ಉಳಿದಿದ್ದೆಲ್ಲ ಇದರ ವಿವರ.

ಹಿನ್ನೆಲೆ ಬೇಗ ಮುಗಿಸ್ತೀನಿ. ನ್ಯಾಪ್‌ಸ್ಟರ್ ಅನ್ನೋ ಹಾಡು ಹಂಚ್ಕೊಳ್ಳೋ ಸಾಫ್ಟ್‌ವೇರ್ 2001ರಲ್ಲಿ ಮುಚ್ಚಿಹೋದ್ಮೇಲೆ ಜನ ಕಜಾ, ಗ್ರೋಕ್‌ಸ್ಟರ್, ಲೈಮ್‌ವೈರ್ ಅಂತ ಹೋದ್ರು. ಇವುಗಳಲ್ಲಿ ನಡುವೆ ಒಂದು ಸರ್ವರ್ ಅಂತ ಇರ್ಲಿಲ್ಲ, ಹಾಗಾಗಿ ಮುಚ್ಚಿಸೋದು ಕಷ್ಟ ಆಯ್ತು. ಆಗ ರೆಕಾರ್ಡ್ ಕಂಪನಿಗಳ ಸಂಘ ಆರ್‌ಐಎಎ, ಅಂದ್ರೆ ಯೂನಿವರ್ಸಲ್, ಸೋನಿ, ವಾರ್ನರ್, ಇಎಂಐ ಇವರೆಲ್ಲರ ಸಂಘ, ಬಳಸೋರ ಮೇಲೇ ಕೇಸ್ ಹಾಕೋಕೆ ಹೊರಟ್ರು. 2003ರ ಸೆಪ್ಟೆಂಬರ್ 8ಕ್ಕೆ ಒಂದೇ ದಿನ 261 ಕೇಸು. ಅದ್ರಲ್ಲಿ ನ್ಯೂಯಾರ್ಕಿನ 12 ವರ್ಷದ ಒಂದು ಹುಡುಗಿನೂ ಇದ್ಲು, ಅವರಮ್ಮ ಮರುದಿನವೇ 2,000 ಡಾಲರಿಗೆ ಸೆಟಲ್ ಮಾಡ್ಕೊಂಡ್ರು. 2008ರ ಡಿಸೆಂಬರಲ್ಲಿ ಇನ್ಮೇಲೆ ಹೀಗೆ ಸಾಮೂಹಿಕವಾಗಿ ಕೇಸ್ ಹಾಕಲ್ಲ ಅಂತ ಹೇಳೋ ಹೊತ್ತಿಗೆ ಸುಮಾರು 35,000 ಜನರ ಮೇಲೆ ಹೋಗಿದ್ರು. ನಿಮ್ಮ ಅಜ್ಜಿ ಕಥೆ ನಿಜ: ವೆಸ್ಟ್ ವರ್ಜೀನಿಯಾದವರು, 83 ವರ್ಷ, 2004ರ ಡಿಸೆಂಬರಲ್ಲಿ ತೀರ್ಕೊಂಡ್ರು, 2005ರ ಶುರುವಲ್ಲಿ ಅವರ ಹೆಸರಲ್ಲಿ ಕೇಸು. ನಮ್ಮಮ್ಮನಿಗೆ ಕಂಪ್ಯೂಟರ್ ಅಂದ್ರೇ ಆಗ್ತಿರ್ಲಿಲ್ಲ ಅಂತ ಮಗಳು ಪೇಪರಿನವರಿಗೆ ಹೇಳಿದ್ರು, ಕೇಸ್ ವಾಪಸ್ ಹೋಯ್ತು. ಇನ್ನೊಬ್ಬರು ಮ್ಯಾಸಚೂಸೆಟ್ಸಿನ 66 ವರ್ಷದ ಶಿಲ್ಪಿ. ಕಜಾದಲ್ಲಿ ರ‍್ಯಾಪ್ ಹಾಡು ಹಂಚಿದ್ದಾರೆ ಅಂತ ಕೇಸು, ಮನೇಲಿದ್ದಿದ್ದು ಮ್ಯಾಕ್, ಕಜಾ ಓಡ್ತಿದ್ದಿದ್ದು ವಿಂಡೋಸಲ್ಲಿ ಮಾತ್ರ. ಅದೂ ವಾಪಸ್ ಹೋಯ್ತು.

ಇವು ತಮಾಷೆ ಸುದ್ದಿಯಾಗಿ ಓಡಾಡ್ತವೆ, ಆದ್ರೆ ಇಂಥ ತಪ್ಪು ಯಾಕೆ ಆಗುತ್ತೆ ಅನ್ನೋದು ನೋಡ್ಬೇಕು, ಅದೇ ನಿಮ್ಮ ಪ್ರಶ್ನೆಗೆ ಉತ್ತರ.

ಸಾಕ್ಷ್ಯ ಹುಟ್ಟ್ತಿದ್ದಿದ್ದು ಹೀಗೆ. ಮೀಡಿಯಾಸೆಂಟ್ರಿ ಅಂತ ಒಂದು ಖಾಸಗಿ ಕಂಪನಿ, ಆರ್‌ಐಎಎ ಗೊತ್ತುಮಾಡಿದ್ದು. ಅವರ ಕೆಲಸದವರು ಕಜಾ ಹಾಕ್ಕೊಂಡು ಎಲ್ಲರ ಹಾಗೇ ಹಾಡು ಹುಡುಕೋರು. ಯಾರೋ ಒಬ್ಬ ಬಳಕೆದಾರನ ಶೇರ್ಡ್ ಫೋಲ್ಡರ್ ಕಂಡ್ರೆ ಅದರೊಳಗಿನ ಫೈಲ್ ಹೆಸರೆಲ್ಲ ಸ್ಕ್ರೀನ್‌ಶಾಟ್ ತೆಗೆಯೋರು, ಕೆಲವು ಹಾಡು ಪೂರ್ತಿ ಇಳಿಸ್ಕೊಂಡು ಕೇಳಿ ನೋಡೋರು, ಆ ಹೊತ್ತಲ್ಲಿ ಡೇಟಾ ಯಾವ ಐಪಿಯಿಂದ ಬಂತು, ದಿನಾಂಕ ಟೈಮ್ ಎಷ್ಟು ಅಂತ ಲಾಗ್ ಮಾಡೋರು. ಆ ಐಪಿ ಯಾವ ಇಂಟರ್ನೆಟ್ ಕಂಪನಿದು ಅಂತ ಯಾರು ಬೇಕಾದ್ರೂ ನೋಡ್ಬಹುದು, ಅದು ಬಹಿರಂಗ. ಆದ್ರೆ ಆ ಹೊತ್ತಲ್ಲಿ ಆ ಐಪಿನ ಯಾವ ಗ್ರಾಹಕನಿಗೆ ಕೊಟ್ಟಿದ್ರು ಅನ್ನೋದು ಇಂಟರ್ನೆಟ್ ಕಂಪನಿಗೆ ಮಾತ್ರ ಗೊತ್ತು. ಶುರುವಲ್ಲಿ ಇದನ್ನ ಜಡ್ಜ್ ಸಹಿ ಇಲ್ದೇನೇ ಬರೀ ಕೋರ್ಟ್ ಕ್ಲರ್ಕ್ ಕೈಯಿಂದ, ಮಾಹಿತಿ ಕೊಡಿ ಅನ್ನೋ ಆದೇಶ, ಅಂದ್ರೆ ಸಬ್‌ಪೀನಾ ತಗೊಂಡು ಕೇಳ್ತಿದ್ರು, 2003ರ ಡಿಸೆಂಬರ್ 19ಕ್ಕೆ ವೆರಿಜಾನ್ ಅನ್ನೋ ಇಂಟರ್ನೆಟ್ ಕಂಪನಿ ಕೇಸಲ್ಲಿ ವಾಷಿಂಗ್ಟನ್ ಡಿಸಿಯ ಮೇಲ್ಮನವಿ ಕೋರ್ಟು ಹಾಗೆ ಕೇಳೋ ಹಾಗಿಲ್ಲ ಅಂತು. ಅವತ್ತಿಂದ ಜಾನ್ ಡೋ ಕೇಸ್ ಶುರು. ಹೆಸರು ಗೊತ್ತಿಲ್ಲದ 20, 50, 100 ಜನರನ್ನ ಒಂದೇ ಕೇಸಲ್ಲಿ ಕಟ್ಟಿ, ಎದುರಿನವರು ಇಲ್ದೇನೇ ಕೋರ್ಟಿಂದ ಆರ್ಡರ್ ತಗೊಂಡು, ಇಂಟರ್ನೆಟ್ ಕಂಪನಿಯಿಂದ ಹೆಸರು ವಿಳಾಸ ತರಿಸ್ಕೊಳ್ಳೋದು, ಹೆಸರು ಸಿಕ್ಕ ತಕ್ಷಣ ಆ ಕೇಸ್ ಕೈಬಿಟ್ಟು ಮನೆಗೆ ಲೆಟರ್ ಕಳಿಸೋದು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರನ್ನ ಹೀಗೆ ಒಂದೇ ಕೇಸಲ್ಲಿ ಸೇರಿಸ್ಬೇಡಿ ಅಂತ 2004ರ ನವೆಂಬರಲ್ಲೇ ಟೆಕ್ಸಸ್ಸಿನ ಆಸ್ಟಿನ್ ಕೋರ್ಟು ಹೇಳಿತ್ತು, ಬೇರೆ ಊರಿನ ಕೋರ್ಟುಗಳಲ್ಲಿ ಅದೇ ನಡೀತಾ ಹೋಯ್ತು.

ಈಗ ಈ ಸರಪಳಿಯ ಒಂದೊಂದೇ ಕೊಂಡಿ ಎಳೆದು ನೋಡೋಣ. ಎಲ್ಲಾನೂ ವೀಕ್ ಅಂತ ಹೇಳೋದು ತಪ್ಪಾಗುತ್ತೆ. ಕೆಲವರು ಐಪಿ ಸ್ಪೂಫಿಂಗ್ ಆಗಿರ್ಬಹುದು, ಬೇರೆಯವರ ಐಪಿ ಹಾಕ್ಕೊಂಡು ಯಾರೋ ಮಾಡಿರ್ಬಹುದು ಅಂತ ವಾದ ಮಾಡಿದ್ರು, ಅದು ನನ್ನ ಪ್ರಕಾರ ನಿಲ್ಲಲ್ಲ, ಯಾಕಂದ್ರೆ ಪೂರ್ತಿ ಫೈಲ್ ಇಳಿಸ್ಕೊಳ್ಬೇಕಂದ್ರೆ ಎರಡೂ ಕಡೆ ಕಂಪ್ಯೂಟರ್ ಉದ್ದಕ್ಕೂ ಮಾತಾಡ್ತಿರ್ಬೇಕು, ಸುಳ್ಳು ಐಪಿ ಇಟ್ಕೊಂಡ್ರೆ ಉತ್ತರ ಬೇರೆ ಕಡೆ ಹೋಗ್ಬಿಡುತ್ತೆ. ಹಾಗಾಗಿ ಮೀಡಿಯಾಸೆಂಟ್ರಿ ನಿಜವಾಗ್ಲೂ ಇಳಿಸ್ಕೊಂಡಿದ್ದ ಹಾಡಿನ ಮಟ್ಟಿಗೆ, ಅವರ ಲಾಗಲ್ಲಿರೋ ಐಪಿ ಸರಿಯೇ ಇರುತ್ತೆ ಅಂತ ಇಟ್ಕೊಳ್ಳಿ. ಕಷ್ಟ ಇರೋದು ಅದರ ಆಚೆಗೂ ಈಚೆಗೂ.

ಈಚೆಗೆ ಅಂದ್ರೆ ಫೈಲುಗಳ ವಿಷ್ಯ. ಲಿಸ್ಟಲ್ಲಿ ಸಾವಿರ ಹಾಡಿನ ಹೆಸರು ಇರ್ತಿತ್ತು, ಇಳಿಸಿ ಕೇಳಿದ್ದು ಬೆರಳೆಣಿಕೆಯಷ್ಟು. ಉಳಿದಿದ್ದಕ್ಕೆ ಫೈಲ್ ಹೆಸರೇ ಸಾಕ್ಷಿ. ಹೆಸರು ನಂಬಿದ್ರೆ ಏನಾಗುತ್ತೆ ಅನ್ನೋದಕ್ಕೆ ಪೆನ್ ಸ್ಟೇಟ್ ಯೂನಿವರ್ಸಿಟಿಯ ಪ್ರಸಂಗ ಇದೆ. 2003ರ ಮೇ ತಿಂಗಳಲ್ಲಿ ಅಲ್ಲಿನ ಖಗೋಳ ವಿಭಾಗಕ್ಕೆ ಆರ್‌ಐಎಎ ನೋಟಿಸ್ ಬಂತು, ನಿಮ್ಮ ಸರ್ವರಲ್ಲಿ ಅಷರ್ ಅನ್ನೋ ಪಾಪ್ ಗಾಯಕನ ಹಾಡಿದೆ ಅಂತ. ಹುಡುಕಿ ನೋಡಿದ್ರೆ ಆ ವಿಭಾಗದ ನಿವೃತ್ತ ಪ್ರೊಫೆಸರ್ ಒಬ್ಬರ ಸರ್‌ನೇಮ್ ಅಷರ್, ಜೊತೆಗೆ ಖಗೋಳ ವಿಜ್ಞಾನಿಗಳೇ ಸೇರಿ ಒಂದು ಉಪಗ್ರಹದ ಬಗ್ಗೆ ಹಾಡಿದ್ದ ಎಂಪಿ3 ಫೈಲ್ ಅಲ್ಲಿತ್ತು, ಎರಡೂ ಸೇರಿ ಸಾಫ್ಟ್‌ವೇರ್ ಕಳ್ಳನ್ನ ಹಿಡಿದಿತ್ತು. ಆರ್‌ಐಎಎ ಕ್ಷಮೆ ಕೇಳ್ತು.

ಇದಕ್ಕಿಂತ ಸ್ವಾರಸ್ಯ ಇನ್ನೊಂದಿದೆ, ಇದನ್ನ ಕ್ಲಾಸಲ್ಲಿ ಸಾಮಾನ್ಯವಾಗಿ ಹೇಳಲ್ಲ. ಕಜಾ ಓಡ್ತಿದ್ದಿದ್ದು ಫಾಸ್ಟ್‌ಟ್ರ್ಯಾಕ್ ಅನ್ನೋ ನೆಟ್‌ವರ್ಕ್ ಮೇಲೆ, ಅದರಲ್ಲಿ ಎರಡು ಫೈಲ್ ಒಂದೇನಾ ಬೇರೆನಾ ಅಂತ ಗುರುತಿಸೋ ಹ್ಯಾಶ್ ಲೆಕ್ಕ ಇಡೀ ಫೈಲ್ ನೋಡ್ತಿರ್ಲಿಲ್ಲ, ಶುರುವಿನ 300 ಕೆಬಿ, ಆಮೇಲೆ ಅಲ್ಲಲ್ಲಿ ಒಂದೊಂದು ತುಂಡು, ಅಷ್ಟೇ ನೋಡ್ತಿತ್ತು. ನಡುವಿನ ಭಾಗ ಪೂರ್ತಿ ಕೆಡಿಸಿಟ್ರೂ ಹ್ಯಾಶ್ ಅದೇ ಬರ್ತಿತ್ತು. ಇದನ್ನ ಉಪಯೋಗಿಸ್ಕೊಂಡು ನೆಟ್‌ವರ್ಕ್ ತುಂಬಾ ಕೆಟ್ಟ ಫೈಲ್ ತುಂಬಿಸಿದ್ದು ಯಾರು? ರೆಕಾರ್ಡ್ ಕಂಪನಿಗಳಿಂದಲೇ ದುಡ್ಡು ತಗೊಂಡು ಕೆಲಸ ಮಾಡ್ತಿದ್ದ ಓವರ್‌ಪಿಯರ್ ಥರದ ಕಂಪನಿಗಳು. ಡೌನ್‌ಲೋಡ್ ಮಾಡೋರಿಗೆ ಬೇಸರ ಬರ್ಲಿ ಅಂತ ಹಾಡಿನ ಹೆಸರಿಟ್ಟು ಒಳಗೆ ಕಿರಿಕಿರಿ ಸದ್ದು ತುಂಬಿ ಬಿಡೋರು. ಅಂದ್ರೆ ಫೈಲ್ ಹೆಸರನ್ನ ನಂಬೋಕಾಗಲ್ಲ ಅನ್ನೋ ಪರಿಸ್ಥಿತಿ ತಂದಿಟ್ಟಿದ್ದೂ ಅವರೇ, ಕೋರ್ಟಿಗೆ ಬಂದು ಈ ಫೋಲ್ಡರಲ್ಲಿ ನಮ್ಮ ಸಾವಿರ ಹಾಡಿದೆ ಹೆಸರು ನೋಡಿ ಅಂದಿದ್ದೂ ಅವರೇ.

ಇನ್ನು ಆಚೆ ಕಡೆ. ಇಲ್ಲೇ ಕೊಂಡಿ ಕಳಚೋದು. ಐಪಿ ಮತ್ತೆ ಟೈಮ್ ತಗೊಂಡು ಇಂಟರ್ನೆಟ್ ಕಂಪನಿ ತನ್ನ ಲಾಗ್ ನೋಡುತ್ತೆ. ಆ ಕಾಲದಲ್ಲಿ ಐಪಿ ದಿನಕ್ಕೊಂದು ಸಲ, ಕೆಲವು ಕಡೆ ಮೋಡೆಮ್ ಆಫ್ ಮಾಡಿ ಆನ್ ಮಾಡಿದಾಗೆಲ್ಲ ಬದಲಾಗೋದು. ಇಬ್ಬರ ಗಡಿಯಾರ ಒಂದೇ ಟೈಮ್ ತೋರಿಸ್ತಿರ್ಬೇಕು, ಯಾವ ಟೈಮ್ ಝೋನ್ ಅಂತ ಇಬ್ಬರೂ ಒಂದೇ ಥರ ಓದ್ಬೇಕು, ಹತ್ತು ಹನ್ನೊಂದು ಅಂಕಿಯ ಐಪಿನ ಕೈಯಲ್ಲಿ ಟೈಪ್ ಮಾಡೋನು ಒಂದಂಕಿನೂ ತಪ್ಪಿಸ್ಬಾರ್ದು. ಒಂದು ಕಡೆ ಜಾರಿದ್ರೂ ಬರೋದು ಯಾರೋ ಮೂರನೆಯವರ ಹೆಸರು. ಆ ಹೆಸರು ಬಂದ್ಮೇಲೆ ಅದು ತಪ್ಪು ಅಂತ ಕಂಡುಹಿಡಿಯೋಕೆ ದಾಖಲೆಯಲ್ಲಿ ಏನೂ ಇರಲ್ಲ, ಕಾಗದ ನೋಡೋಕೆ ಸರಿಯಾಗೇ ಇರುತ್ತೆ. ಈಗ ಹೇಳಿದ ಶಿಲ್ಪಿಗೆ ಮ್ಯಾಕ್ ಇತ್ತು ಅಂತ ಬಚಾವಾದ್ರು, ವಿಂಡೋಸ್ ಇದ್ದಿದ್ರೆ?

ಇದು ಬರೀ ಅಮೆರಿಕದ ಮಾತಲ್ಲ ಅಂತ ಹೇಳೋಕೆ ನಮ್ಮ ಬೆಂಗಳೂರಿನ ಉದಾಹರಣೆನೇ ಇದೆ, ಕಾಪಿರೈಟ್ ಕೇಸಲ್ಲ ಆದ್ರೆ ಸಾಕ್ಷ್ಯ ಇದೇ ಜಾತಿದು. 2007ರ ಆಗಸ್ಟಲ್ಲಿ ಪುಣೆ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಐಟಿ ಉದ್ಯೋಗಿನ ಅರೆಸ್ಟ್ ಮಾಡಿದ್ರು, ಆರ್ಕುಟ್ ಅನ್ನೋ ಆಗಿನ ಸೋಷಿಯಲ್ ಮೀಡಿಯಾದಲ್ಲಿ ಶಿವಾಜಿ ಬಗ್ಗೆ ಅವಹೇಳನ ಹಾಕಿದ್ದಾನೆ ಅಂತ. ಸಾಕ್ಷ್ಯ ಐಪಿ ಅಡ್ರೆಸ್. ಸುಮಾರು 50 ದಿನ ಜೈಲಲ್ಲಿದ್ಮೇಲೆ ಗೊತ್ತಾಗಿದ್ದು ಇಂಟರ್ನೆಟ್ ಕಂಪನಿ ಕೊಟ್ಟ ಗ್ರಾಹಕನ ವಿವರವೇ ತಪ್ಪು, ಆ ಹೊತ್ತಲ್ಲಿ ಆ ಐಪಿ ಇವನದ್ದಾಗಿರ್ಲೇ ಇಲ್ಲ ಅಂತ. ಕ್ರಿಮಿನಲ್ ಕೇಸು, ಪೊಲೀಸ್ ತನಿಖೆ, ಅಷ್ಟಿದ್ದೂ ಹೀಗಾಯ್ತು ಅಂದ್ರೆ ತಿಂಗಳಿಗೆ ನೂರಾರು ಹೆಸರು ತರಿಸ್ಕೊಳ್ತಿದ್ದ ಸಿವಿಲ್ ಕೇಸುಗಳ ಕಥೆ ನೀವೇ ಊಹಿಸ್ಕೊಳ್ಳಿ.

ಸರಿ, ಹೆಸರು ಕರೆಕ್ಟಾಗೇ ಬಂತು ಅಂತಿಟ್ಕೊಳ್ಳಿ. ಬಂದಿದ್ದು ಯಾರ ಹೆಸರು? ಬಿಲ್ ಕಟ್ಟೋರದ್ದು. ಕಂಪ್ಯೂಟರ್ ಮುಂದೆ ಕೂತಿದ್ದು ಮಗನೋ, ಮಗಳ ಫ್ರೆಂಡೋ, ಪಕ್ಕದ ಮನೆಯವನೋ? ಆಗಿನ ವೈಫೈ ರೂಟರ್ ಅರ್ಧಕ್ಕರ್ಧ ಪಾಸ್‌ವರ್ಡ್ ಇಲ್ದೇನೇ ಇರ್ತಿದ್ವು, ಪಾಸ್‌ವರ್ಡ್ ಇದ್ರೂ ಡಬ್ಲ್ಯುಇಪಿ ಅನ್ನೋ ಹಳೇ ಭದ್ರತಾ ಪದ್ಧತಿ, ಅದನ್ನ ಮುರಿಯೋ ದಾರಿ 2001ರಲ್ಲೇ ಪ್ರಕಟ ಆಗಿತ್ತು, 2007ರ ಹೊತ್ತಿಗೆ ಒಂದೆರಡು ನಿಮಿಷದ ಕೆಲಸ. 2012ರಲ್ಲಿ ನ್ಯೂಯಾರ್ಕಿನ ಮ್ಯಾಜಿಸ್ಟ್ರೇಟ್ ಜಡ್ಜ್ ಗ್ಯಾರಿ ಬ್ರೌನ್ ಬಿಟ್‌ಟೊರೆಂಟ್ ಅನ್ನೋ, ಆಮೇಲೆ ಬಂದ ಫೈಲ್ ಹಂಚ್ಕೊಳ್ಳೋ ವಿಧಾನದ ಒಂದು ಕೇಸಲ್ಲಿ ಇದನ್ನೇ ಹೇಳಿದ್ರು: ಫೋನ್ ಬಿಲ್ ಕಟ್ಟೋನೇ ಆ ಮನೆಯಿಂದ ಹೋದ ಪ್ರತಿ ಕಾಲ್ ಮಾಡಿದ್ದಾನೆ ಅಂತ ಹೇಗೆ ಹೇಳೋಕಾಗಲ್ವೋ ಇದೂ ಹಾಗೇ ಅಂತ. ಆ ಮಾತು ಒಂಬತ್ತು ವರ್ಷ ಮುಂಚೆ ಬಂದಿದ್ರೆ ಎಷ್ಟೋ ಮನೆ ಉಳೀತಿತ್ತು.

ತಜ್ಞ ಸಾಕ್ಷಿ ಬಗ್ಗೆನೂ ಒಂದ್ಮಾತು, ನೀವು ಲಾ ಸ್ಟೂಡೆಂಟ್ ಆದ್ದರಿಂದ. ಅಮೆರಿಕದಲ್ಲಿ 1993ರ ಡಾಬರ್ಟ್ ತೀರ್ಪು ಬಂದ್ಮೇಲೆ ಎಕ್ಸ್‌ಪರ್ಟ್ ಹೇಳೋ ವಿಧಾನ ಪರೀಕ್ಷೆ ಆಗಿದ್ಯಾ, ಬೇರೆ ತಜ್ಞರು ವಿಮರ್ಶೆ ಮಾಡಿದ್ದಾರಾ, ಎಷ್ಟು ಸಲ ತಪ್ಪಾಗುತ್ತೆ ಅನ್ನೋ ಲೆಕ್ಕ ಇದ್ಯಾ ಅಂತ ಜಡ್ಜ್ ನೋಡ್ಬೇಕು. ಆರ್‌ಐಎಎ ಕಡೆ ಎಕ್ಸ್‌ಪರ್ಟ್ ಅಯೋವಾ ಸ್ಟೇಟ್ ಯೂನಿವರ್ಸಿಟಿ ಪ್ರೊಫೆಸರ್ ಡಗ್ ಜೇಕಬ್ಸನ್. ಬ್ರೂಕ್ಲಿನ್ನಿನ ಒಬ್ಬ ಮಹಿಳೆ, ಮನೆಮನೆಗೆ ಹೋಗಿ ರೋಗಿಗಳನ್ನ ನೋಡ್ಕೊಳ್ಳೋ ಕೆಲಸದವರು, ನಾನು ಕಂಪ್ಯೂಟರ್ ಮುಟ್ಟೇ ಇಲ್ಲ ಅಂದವರು, ಅವರ ಕೇಸಲ್ಲಿ 2007ರ ಫೆಬ್ರವರಿಯಲ್ಲಿ ಲಾಯರ್ ರೇ ಬೆಕರ್‌ಮನ್ ಈ ಪ್ರೊಫೆಸರನ್ನ ಕೂರಿಸ್ಕೊಂಡು ಪ್ರಶ್ನೆ ಕೇಳಿದ್ರು. ನಿಮ್ಮ ವಿಧಾನನ ಬೇರೆ ತಜ್ಞರು ಪರಿಶೀಲಿಸಿದ್ದಾರಾ, ಇಲ್ಲ. ತಪ್ಪಿನ ಪ್ರಮಾಣ ಗೊತ್ತಾ, ಇಲ್ಲ. ಪರೀಕ್ಷೆ ಮಾಡಿದ ಹಾರ್ಡ್ ಡ್ರೈವಲ್ಲಿ ಫೈಲ್ ಶೇರಿಂಗ್ ಗುರುತೂ ಸಿಕ್ಕಿರ್ಲಿಲ್ಲ. ನಾಲ್ಕು ವರ್ಷದಿಂದ ಸಾವಿರಗಟ್ಟಲೆ ಕೇಸ್ ನಡೆದಿದ್ದವು, ಈ ಪ್ರಶ್ನೆಗಳು ಇಷ್ಟು ಗಟ್ಟಿಯಾಗಿ ಕೇಳಿಬಂದಿದ್ದು ಆಗ. ಒರೆಗೆ ಹಚ್ಚೋಕೆ ಯಾರಿಗೂ ಅವಕಾಶವೇ ಸಿಕ್ಕಿರ್ಲಿಲ್ಲ, ಯಾಕಂದ್ರೆ ಅಲ್ಲಿ ತನಕ ಹೋಗೋ ಮುಂಚೆನೇ ಜನ ದುಡ್ಡು ಕೊಟ್ಟು ಕೈ ತೊಳ್ಕೊಳ್ತಿದ್ರು.

ಯಾಕೆ ಕೊಡ್ತಿದ್ರು? ಲೆಕ್ಕ ನೋಡಿ. ಅಮೆರಿಕದ ಕಾಪಿರೈಟ್ ಕಾನೂನಲ್ಲಿ ನಷ್ಟ ಎಷ್ಟಾಯ್ತು ಅಂತ ಕಂಪನಿ ಸಾಬೀತು ಮಾಡ್ಬೇಕಾಗಿಲ್ಲ, ಒಂದು ಕೃತಿಗೆ ಕನಿಷ್ಠ 750 ಡಾಲರಿಂದ 30,000 ತನಕ, ಬೇಕುಬೇಕಂತಲೇ ಮಾಡಿದ್ರೆ 1,50,000 ತನಕ ಹಾಕ್ಬಹುದು. ಐಟ್ಯೂನ್ಸಲ್ಲಿ ಆ ಹಾಡು 99 ಸೆಂಟ್. ಹತ್ತು ಹಾಡಿಗೆ ಕನಿಷ್ಠವೇ 7,500. ಸೆಟಲ್‌ಮೆಂಟಿಗೆ ಅವರು ಕೇಳ್ತಿದ್ದಿದ್ದು ಸಾಮಾನ್ಯವಾಗಿ 3,000ದಿಂದ 5,000. ಲಾಯರ್ ಇಟ್ಕೊಂಡು ಹೋರಾಡ್ತೀನಿ ಅಂದ್ರೆ ಇದರ ಹತ್ತುಪಟ್ಟು ಖರ್ಚು, ತಪ್ಪೇ ಮಾಡಿಲ್ಲದಿದ್ರೂನೂ. ಹಾಗಾಗಿ ಒಬ್ಬ ನಿರಪರಾಧಿ ಕೂತು ಲೆಕ್ಕ ಹಾಕಿದ್ರೂ ಕೊಟ್ಟುಬಿಡೋದೇ ಅಗ್ಗ ಅನ್ನಿಸೋ ಹಾಗೆ ಬೆಲೆ ನಿಂತಿತ್ತು. ಫೋನ್ ಮಾಡಿ ಕ್ರೆಡಿಟ್ ಕಾರ್ಡಲ್ಲಿ ಕಟ್ಟೋಕೆ ಸೆಟಲ್‌ಮೆಂಟ್ ಸೆಂಟರ್ ಅಂತ ಬೇರೆ ಇಟ್ಟಿದ್ರು, 2007ರಿಂದ ಕಾಲೇಜು ಹುಡುಗರಿಗೆ ವೆಬ್‌ಸೈಟಲ್ಲೇ ಕಟ್ಟೋ ವ್ಯವಸ್ಥೆ ಆಯ್ತು. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟಿದ್ದು ಯಾಕೆ ಅಂತ ನನಗನ್ಸೋದು, ಜಡ್ಜ್ ಮುಂದೆ ಆ ಸ್ಕ್ರೀನ್‌ಶಾಟ್ ಇಟ್ಟು ವಾದ ಮಾಡೋ ಪ್ರಸಂಗ ಬರ್ದೇ ಇರ್ಲಿ ಅಂತ್ಲೇ.

ಅಲ್ಲೊಬ್ಬರು ಇಲ್ಲೊಬ್ಬರು ಹಟ ಹಿಡಿದು ನಿಂತ್ರು. ಒಕ್ಲಹೋಮಾದ ಒಬ್ಬ ತಾಯಿ, ಕನೆಕ್ಷನ್ ಅವರ ಹೆಸರಲ್ಲಿತ್ತು ಅಷ್ಟೇ. ಅಕೌಂಟ್ ನಿನ್ನದು ಆದ್ದರಿಂದ ಹೊಣೆ ನಿನ್ನದು ಅಂತ ಕಂಪನಿಗಳ ವಾದ. ಸೋಲ್ತೀವಿ ಅನ್ಸಿದಾಗ ಕೇಸ್ ಬಿಟ್ಟು ಹೊರಟ್ರು, ಆದ್ರೆ ಜಡ್ಜ್ ಲೀ ವೆಸ್ಟ್ ಸುಮ್ನೆ ಬಿಡ್ಲಿಲ್ಲ, 2007ರಲ್ಲಿ ಆ ತಾಯಿಯ ಲಾಯರ್ ಖರ್ಚು 68,685 ಡಾಲರ್ ನೀವೇ ಕೊಡಿ ಅಂದ್ರು. ಒರೆಗಾನಿನಲ್ಲಿ ಅಂಗವೈಕಲ್ಯ ಇದ್ದ ಒಬ್ಬ ಒಂಟಿ ತಾಯಿ ಮೇಲೆ 2005ರಲ್ಲಿ ಕೇಸು, ಹಾರ್ಡ್ ಡ್ರೈವ್ ತೆಗೆದು ನೋಡಿದ್ರೆ ಏನೂ ಇಲ್ಲ, ಆದ್ರೂ 2007ರ ತನಕ ಎಳೆದ್ರು, ಕೊನೆಗೆ ಸುಮಾರು 1,08,000 ಡಾಲರ್ ಅವರ ಕಡೆ ಫೀಸ್ ಕಟ್ಟಿದ್ರು. 2007ರಲ್ಲೇ ಸ್ಯಾನ್ ಡಿಯೇಗೋದಲ್ಲಿ ಜಡ್ಜ್ ರೂಡಿ ಬ್ರೂಸ್ಟರ್, ಪ್ರತಿವಾದಿ ಬಂದೇ ಇರ್ಲಿಲ್ಲ, ಸುಮ್ನೆ ಡಿಫಾಲ್ಟ್ ತೀರ್ಪು, ಅಂದ್ರೆ ಏಕಪಕ್ಷೀಯ ತೀರ್ಪು, ಕೊಡ್ಬಹುದಿತ್ತು, ದೂರು ಓದಿ ಇದು ಎಲ್ಲ ಕೇಸಿಗೂ ಒಂದೇ ಅಚ್ಚಲ್ಲಿ ತೆಗೆದ ಊಹೆ, ನಿರ್ದಿಷ್ಟ ಸಂಗತಿ ಒಂದೂ ಇಲ್ಲ ಅಂತ ತಳ್ಳಿಹಾಕಿದ್ರು.

ಇನ್ನೊಂದು ಕಾನೂನಿನ ತೊಡಕು. ಶೇರ್ಡ್ ಫೋಲ್ಡರಲ್ಲಿ ಇಟ್ಟಿದ್ದೇ ಹಂಚಿಕೆ ಆಗುತ್ತಾ, ಅಥವಾ ಇನ್ನೊಬ್ಬನ ಕೈಗೆ ಹೋಗಿದೆ ಅಂತ ತೋರಿಸ್ಬೇಕಾ? ಹೋಗಿದೆ ಅಂತ ಕಂಪನಿಗಳಿಗೆ ತೋರಿಸೋಕೆ ಇದ್ದಿದ್ದು ಮೀಡಿಯಾಸೆಂಟ್ರಿ ಇಳಿಸ್ಕೊಂಡಿದ್ದು ಮಾತ್ರ, ಮೀಡಿಯಾಸೆಂಟ್ರಿ ಅಂದ್ರೆ ಹಕ್ಕುದಾರರದ್ದೇ ಏಜೆಂಟ್, ತನ್ನ ಹಾಡನ್ನ ತಾನೇ ತಗೊಂಡ್ರೆ ಅದು ಉಲ್ಲಂಘನೆನಾ? ಈ ಬಗ್ಗೆ ಕೋರ್ಟುಗಳು ಒಂದೊಂದು ಕಡೆ ಒಂದೊಂದು ಹೇಳಿದ್ವು. 2008ರ ಏಪ್ರಿಲಲ್ಲಿ ಅರಿಜೋನಾದ ಜಡ್ಜ್ ನೀಲ್ ವೇಕ್ ಬರೀ ಇಟ್ಟಿದ್ದು ಹಂಚಿಕೆ ಅಲ್ಲ ಅಂದ್ರು, ಬಾಸ್ಟನ್ನಲ್ಲಿ ಜಡ್ಜ್ ನ್ಯಾನ್ಸಿ ಗರ್ಟ್‌ನರ್ ಕೂಡ ಹತ್ರಹತ್ರ ಅದೇ ದಾರಿ ಹಿಡಿದ್ರು, ಆದ್ರೆ ಗರ್ಟ್‌ನರ್ ಏಜೆಂಟ್ ಇಳಿಸ್ಕೊಂಡಿದ್ದನ್ನ ಪೂರ್ತಿ ತಳ್ಳಿಹಾಕ್ಲಿಲ್ಲ, ಅದ್ರಿಂದ ಬೇರೆಯವರೂ ಇಳಿಸಿರ್ಬಹುದು ಅಂತ ಊಹಿಸ್ಬಹುದು ಅಂದ್ರು. ಇದು ನೀವು ಡಿಬೇಟಿಗೆ ತಗೊಳ್ಳೋಕೆ ಚೆನ್ನಾಗಿರೋ ವಿಷ್ಯ.

ಈಗ ಹಾಗಾದ್ರೆ ಜ್ಯೂರಿ ಮುಂದೆ ಕಂಪನಿಗಳು ಹೇಗೆ ಗೆದ್ವು ಅನ್ನೋದು.

ಮೊದಲ್ನೇದು ಮಿನೆಸೋಟದ ಮಹಿಳೆ ಕೇಸು, 24 ಹಾಡು. 2007ರ ಅಕ್ಟೋಬರಲ್ಲಿ ಡುಲೂತ್ ಊರಲ್ಲಿ ಜ್ಯೂರಿ 2,22,000 ಡಾಲರ್ ಹಾಕ್ತು. ಹಂಚಿಕೆ ಬಗ್ಗೆ ಜ್ಯೂರಿಗೆ ತಪ್ಪು ಸೂಚನೆ ಕೊಟ್ಟೆ ಅಂತ ಜಡ್ಜ್ ಮೈಕಲ್ ಡೇವಿಸ್ ತಾವೇ ಆ ತೀರ್ಪು ರದ್ದು ಮಾಡಿ ಮತ್ತೆ ವಿಚಾರಣೆ ಇಟ್ರು, 2009ರಲ್ಲಿ ಎರಡನೇ ಜ್ಯೂರಿ 19 ಲಕ್ಷದ 20 ಸಾವಿರ ಡಾಲರ್ ಹಾಕ್ತು, ಜಡ್ಜ್ ಅದನ್ನ 54,000ಕ್ಕೆ ಇಳಿಸಿದ್ರು, ಕಂಪನಿ ಒಪ್ಲಿಲ್ಲ, 2010ರಲ್ಲಿ ಮೂರನೇ ಜ್ಯೂರಿ 15 ಲಕ್ಷ ಹಾಕ್ತು, ಮತ್ತೆ 54,000, ಕೊನೆಗೆ 2012ರಲ್ಲಿ ಮೇಲ್ಮನವಿ ಕೋರ್ಟು ಮೊದಲ್ನೇ 2,22,000ವನ್ನೇ ಉಳಿಸ್ತು, 2013ರಲ್ಲಿ ಸುಪ್ರೀಂ ಕೋರ್ಟು ನೋಡಲ್ಲ ಅಂತು. ಮೊತ್ತದ ಬಗ್ಗೆ ಎಲ್ಲರೂ ಮಾತಾಡ್ತಾರೆ. ಆದ್ರೆ ಜ್ಯೂರಿ ಯಾಕೆ ನಂಬ್ತು ನೋಡಿ. ಕಜಾದಲ್ಲಿದ್ದ ಬಳಕೆದಾರ ಹೆಸರು ಒಂದು ವಿಚಿತ್ರ ಹೆಸರು, ಅದನ್ನೇ ಆಕೆ ವರ್ಷಗಟ್ಟಲೆ ಈಮೇಲಿಗೆ, ಗೇಮಿಗೆ, ಎಲ್ಲದಕ್ಕೂ ಇಟ್ಕೊಂಡಿದ್ಲು. ಮನೇಲಿ ವೈಫೈ ರೂಟರ್ ಇರ್ಲಿಲ್ಲ, ಕಂಪ್ಯೂಟರಿಗೆ ಪಾಸ್‌ವರ್ಡ್ ಇತ್ತು. ಮೀಡಿಯಾಸೆಂಟ್ರಿಯಿಂದ ಎಚ್ಚರಿಕೆ ಮೆಸೇಜ್ ಹೋದ ಮುಂದಿನ ತಿಂಗಳೇ ಹಾರ್ಡ್ ಡ್ರೈವ್ ಬದಲಾಗಿತ್ತು, ಆಕೆ ಮಾತ್ರ ಅದಕ್ಕಿಂತ ಮುಂಚೆನೇ ಬದಲಾಯ್ಸಿದ್ದು ಅಂದಿದ್ಲು. ಕನೆಕ್ಷನ್ನಿಂದ ಮನುಷ್ಯನ ತನಕ ಹೋಗೋ ದಾರಿ ಪೂರ್ತಿ ಅವಳ ಕಡೆಯಿಂದಲೇ ಸಿಕ್ಕಿತ್ತು.

ಎರಡನೇದು ಬಾಸ್ಟನ್ ಯೂನಿವರ್ಸಿಟಿ ಹುಡುಗ, 30 ಹಾಡು. ಹಾರ್ವರ್ಡ್ ಪ್ರೊಫೆಸರ್ ಚಾರ್ಲ್ಸ್ ನೆಸನ್ ಅವನ ಪರ ನಿಂತಿದ್ರು, ದೊಡ್ಡ ಸುದ್ದಿ ಆಗಿತ್ತು. ವರ್ಷಗಟ್ಟಲೆ ನಾನಲ್ಲ ನಾನಲ್ಲ ಅಂದವನು 2009ರ ಜುಲೈನಲ್ಲಿ ಕಟಕಟೆಗೆ ಹತ್ತಿ ಹೌದು ನಾನೇ ಮಾಡಿದ್ದು, ಹಿಂದೆ ಹೇಳಿದ್ದು ಸುಳ್ಳು ಅಂದ. ಜ್ಯೂರಿ 6,75,000 ಡಾಲರ್ ಹಾಕ್ತು, ಗರ್ಟ್‌ನರ್ ಹತ್ತನೇ ಒಂದು ಭಾಗಕ್ಕೆ ಇಳಿಸಿದ್ರು, ಮೇಲ್ಮನವಿಯಲ್ಲಿ ಅದು ಬಿದ್ದುಹೋಗಿ 2013ಕ್ಕೆ ಪೂರ್ತಿ ಮೊತ್ತ ಖಾಯಂ ಆಯ್ತು. ತಪ್ಪೊಪ್ಪಿಗೆ ಆದ್ಮೇಲೆ ಮೀಡಿಯಾಸೆಂಟ್ರಿ ಲಾಗ್ ಸರಿನಾ ತಪ್ಪಾ ಅನ್ನೋದೇ ಪ್ರಶ್ನೆ ಆಗಲ್ವಲ್ಲ. ಸಾಕ್ಷ್ಯ ವೀಕ್ ಅಂತ ತೋರಿಸೋಕೆ ಈ ಇಬ್ಬರ ಹೆಸರು ತಗೋಬೇಡಿ ಅಂತ ನಾನು ಯಾವಾಗ್ಲೂ ಹೇಳೋದು, ಇವರು ಪಾಪದವರಿರ್ಬಹುದು, ದಂಡ ಅತಿಯಾಯ್ತು ಅನ್ನೋದೂ ಸರಿ, ಆದ್ರೆ ತಪ್ಪಾಗಿ ಸಿಕ್ಕಿಹಾಕ್ಕೊಂಡವರಲ್ಲ. ಅಂಥವರು ಬೇಕಂದ್ರೆ ಒಕ್ಲಹೋಮಾ, ಒರೆಗಾನ್ ಕೇಸ್ ಓದಿ.

ಬಿಟ್‌ಟೊರೆಂಟ್ ಬಂದ್ಮೇಲೆ ಇನ್ನೊಂದು ಎಡವಟ್ಟು. ಕೆಲವು ಏಜೆನ್ಸಿಗಳು ಫೈಲ್ ಇಳಿಸ್ಕೊಳ್ಳೋ ತಾಪತ್ರಯವೇ ಬೇಡ ಅಂತ ಟ್ರ್ಯಾಕರ್, ಅಂದ್ರೆ ಯಾರ ಹತ್ರ ಯಾವ ಫೈಲ್ ಇದೆ ಅಂತ ಪಟ್ಟಿ ಇಡೋ ಸರ್ವರ್, ಕೊಟ್ಟ ಐಪಿ ಲಿಸ್ಟ್ ನೋಡಿ ನೋಟಿಸ್ ಕಳಿಸ್ತಿದ್ವು. ಟ್ರ್ಯಾಕರಿಗೆ ಬೇರೆಯವರ ಐಪಿ ಸೇರಿಸೋದು ಸುಲಭ. ವಾಷಿಂಗ್ಟನ್ ಯೂನಿವರ್ಸಿಟಿಯ ಸಂಶೋಧಕರು 2008ರಲ್ಲಿ ಇದನ್ನ ಮಾಡೇ ತೋರಿಸಿದ್ರು, ತಮ್ಮ ಲ್ಯಾಬಿನ ಲೇಸರ್ ಪ್ರಿಂಟರುಗಳ ಐಪಿ ಸೇರಿಸಿದ್ರು, ಪ್ರಿಂಟರುಗಳಿಗೆ ಕಾಪಿರೈಟ್ ನೋಟಿಸ್ ಬಂತು. ಆದ್ರೆ ಇದನ್ನ ಹಳೇ ಕಜಾ ಕೇಸುಗಳಿಗೆ ಹೊಂದಿಸ್ಬೇಡಿ, ಅಲ್ಲಿ ಕೆಲವು ಫೈಲಾದ್ರೂ ನೇರವಾಗಿ ಇಳಿಸ್ಕೊಳ್ತಿದ್ರು.

ಇಂಡಿಯಾದಲ್ಲಿ ಹೀಗೆ ಮನೆಮನೆ ಮೇಲೆ ಕೇಸ್ ಹಾಕೋ ಪದ್ಧತಿ ಬರ್ಲಿಲ್ಲ, ನಮ್ಮಲ್ಲಿ ಅಶೋಕ್ ಕುಮಾರ್ ಆರ್ಡರ್ ಅಂತ, ಜಾನ್ ಡೋ ಥರನೇ ಹೆಸರು ಗೊತ್ತಿಲ್ಲದವರ ಮೇಲಿನ ಆರ್ಡರ್, ತಗೊಂಡು ವೆಬ್‌ಸೈಟ್ ಬ್ಲಾಕ್ ಮಾಡಿಸ್ತಾರೆ. ಬಂದ್ರೆ ಇಲ್ಲಿ ಐಪಿ ಸಾಕ್ಷ್ಯ ಇನ್ನೂ ವೀಕ್. ಮೊಬೈಲ್ ಡೇಟಾದಲ್ಲಿ ಒಂದೇ ಪಬ್ಲಿಕ್ ಐಪಿನ ಒಂದೇ ಹೊತ್ತಲ್ಲಿ ಎಷ್ಟೋ ಜನಕ್ಕೆ ಹಂಚಿರ್ತಾರೆ, ಪೋರ್ಟ್ ನಂಬರ್ ಜೊತೆಗೆ ಸೆಕೆಂಡ್ ಲೆಕ್ಕದ ಟೈಮ್ ಇಲ್ದಿದ್ರೆ ಯಾರು ಅಂತ ಹೇಳೋಕೇ ಆಗಲ್ಲ. ನೀವು ಓದ್ತಿರೋ 65ಬಿ ಸರ್ಟಿಫಿಕೇಟ್, ಅಂದ್ರೆ ಎಲೆಕ್ಟ್ರಾನಿಕ್ ದಾಖಲೆ ಜೊತೆ ಕೋರ್ಟಿಗೆ ಕೊಡೋದು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63, ಅದು ಹೇಳೋದು ಈ ಪ್ರಿಂಟ್‌ಔಟ್ ಆ ಮಷೀನಿಂದ ಬಂದಿದೆ ಅಂತ ಮಾತ್ರ. ಕೀಬೋರ್ಡ್ ಮುಂದೆ ಯಾರಿದ್ರು ಅಂತ ಯಾವ ಸರ್ಟಿಫಿಕೇಟೂ ಹೇಳಲ್ಲ, ಎಷ್ಟೋ ಜನ ವಕೀಲರೇ ಇದನ್ನ ಕಲಸಿಬಿಡ್ತಾರೆ.

ಕೊನೆಗೆ ನಿಮ್ಮಣ್ಣ. ಹಾಡಿನ ಕೇಸುಗಳು ನಿಂತಿದ್ರೂ ಸಿನಿಮಾ ಕಂಪನಿಗಳ, ಅದಕ್ಕಿಂತ ಹೆಚ್ಚಾಗಿ ವಯಸ್ಕರ ವಿಡಿಯೋ ಕಂಪನಿಗಳ ಜಾನ್ ಡೋ ಕೇಸು ಅಲ್ಲಿ ಈಗಲೂ ನಡೀತವೆ, ಸಾಕ್ಷ್ಯ ಅದೇ ಐಪಿ. ಅವನಿಗೆ ಅನುಕೂಲ ಆಗೋ ತೀರ್ಪು ಅಂದ್ರೆ 2018ರ ಆಗಸ್ಟಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಕೊಟ್ಟ ಕಾಬ್ಲರ್ ನೆವಾಡಾ ತೀರ್ಪು. ಅಲ್ಲೂ ಒಂದು ಮನೆ, ಆರೈಕೆ ಕೇಂದ್ರ, ಹಲವರು ಬಂದುಹೋಗೋ ಜಾಗ, ಒಂದೇ ಕನೆಕ್ಷನ್. ಐಪಿ ನಿನ್ನ ಹೆಸರಲ್ಲಿದೆ ಅನ್ನೋದೊಂದರಿಂದಲೇ ನೀನು ಉಲ್ಲಂಘನೆ ಮಾಡಿದ್ದೀಯ ಅಂತ ಹೇಳೋಕಾಗಲ್ಲ, ಇನ್ನೇನಾದ್ರೂ ಬೇಕು ಅಂತು ಕೋರ್ಟು. ಅದು ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಅರಿಜೋನಾ ಈ ಕಡೆಯ ರಾಜ್ಯಗಳಿಗೆ ಕಟ್ಟುನಿಟ್ಟು, ಅಣ್ಣ ಬೇರೆ ಕಡೆ ಇದ್ರೆ ವಾದಕ್ಕೆ ಬಳಸ್ಬಹುದು ಅಷ್ಟೇ.

ಲೆಟರ್ ಏನಾದ್ರೂ ಬಂದ್ರೆ ಅದು ಯಾವ ಥರದ್ದು ಅಂತ ಮೊದ್ಲು ನೋಡ್ಲಿ. ಇಂಟರ್ನೆಟ್ ಕಂಪನಿಯಿಂದ ಬರೀ ಎಚ್ಚರಿಕೆ ಬಂದಿದ್ರೆ ಅವರು ಹಕ್ಕುದಾರರ ದೂರನ್ನ ದಾಟಿಸಿದ್ದಾರೆ ಅಷ್ಟೇ, ಹೆಸರು ಇನ್ನೂ ಹೋಗಿಲ್ಲ, ರೂಮ್‌ಮೇಟ್ಸ್‌ನ ಕೂರಿಸ್ಕೊಂಡು ನಿಲ್ಲಿಸೋಕೆ ಹೇಳ್ಲಿ. ಆದ್ರೆ ಕೋರ್ಟ್ ಸಬ್‌ಪೀನಾ ಬಂದಿದೆ, ಇಂಥ ದಿನಾಂಕಕ್ಕೆ ನಿಮ್ಮ ಹೆಸರು ಕೊಡ್ತೀವಿ ಅಂತ ಬಂದಿದ್ರೆ ಆ ದಿನಾಂಕದೊಳಗೆ ಲಾಯರ್ ಹತ್ರ ಹೋಗ್ಬೇಕು, ಬಹಳಷ್ಟು ಯೂನಿವರ್ಸಿಟಿಗಳಲ್ಲಿ ಸ್ಟೂಡೆಂಟ್ಸ್‌ಗೆ ಕಾನೂನು ಸಲಹೆ ಕೊಡೋ ಆಫೀಸ್ ಇರುತ್ತೆ, ಅಲ್ಲಿಂದ ಶುರು ಮಾಡ್ಲಿ. ಎದುರಿನ ಲಾಯರಿಗೆ ತಾನೇ ಫೋನ್ ಮಾಡಿ ನಾನಲ್ಲ ಸರ್ ನನ್ನ ಫ್ರೆಂಡು ಇರ್ಬಹುದು ಅಂತೆಲ್ಲ ಹೇಳೋಕೆ ಹೋಗ್ಬಾರ್ದು, ಇಲ್ಲಿ ತನಕ ಓದಿದ್ರೆ ಯಾಕೆ ಅಂತ ಗೊತ್ತಾಗಿರುತ್ತೆ. ಸುಮ್ನಿದ್ಬಿಟ್ರೆ ಹೋಗುತ್ತೆ ಅಂತ ಸಮನ್ಸ್ ಬಂದ್ಮೇಲೂ ಕೂತ್ರೆ ಡಿಫಾಲ್ಟ್ ತೀರ್ಪು ಬರ್ಬಹುದು, ಎಲ್ಲ ಜಡ್ಜೂ ಬ್ರೂಸ್ಟರ್ ಅಲ್ಲ. ಇನ್ನು ಹೆದರ್ಕೊಂಡು ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡೋದಂತೂ ಖಂಡಿತ ಬೇಡ: ಆಗ್ಲೇ ಹೇಳಿದ ಅರಿಜೋನಾದ ಕೇಸಲ್ಲಿ ಪ್ರತಿವಾದಿ ಹಂಚಿಕೆ ಪ್ರಶ್ನೆಯಲ್ಲಿ ಜಡ್ಜ್ ವೇಕ್ ಹತ್ರ ಗೆದ್ದಿದ್ದ, ಆಮೇಲೆ ಕಂಪ್ಯೂಟರಲ್ಲಿದ್ದ ಸಾಕ್ಷ್ಯ ಅಳಿಸಿದ್ದ ಅಂತ ಗೊತ್ತಾಗಿ ಅದೇ ಜಡ್ಜ್ ಅದೇ ವರ್ಷ 40,850 ಡಾಲರ್ ಕಟ್ಟಿಸಿದ್ರು.